ಹಲ್ಲಕ್ಕನ ಎರಡು ಸಾವಿರ ಉತ್ತರಗಳು

ತಪ್ಪು ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ತಪ್ಪಾಯಿತು ಎನ್ನುವವರಿಗೇ ಬರ. ಹಾಗೆನ್ನುವ ಪುಣ್ಯಾತ್ಮರೂ ಹೇಗೆ ಅನ್ನುತ್ತಾರೆ ಗೊತ್ತಲ್ಲ. 'ಯಾರ ಮನಸ್ಸಿಗಾದರೂ ನೋವಾಗಿದ್ದರೆ' ಎಂದು ಶುರು ಮಾಡಿ, ನೋವು ಮಾಡಿಕೊಂಡವನದೇ ತಪ್ಪು ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಹನ್ನೊಂದು ವರ್ಷದಿಂದ ಈ ಅಂಕಣದಲ್ಲಿ ಅಂಥವರ ಬೆವರಿಳಿಸುತ್ತ ಬಂದಿದ್ದೇನೆ. ಈ ವಾರ ಬೆವರಿದ್ದು ನಾನು. ಒಬ್ಬ ಹೆಣ್ಣುಮಗಳ ಎದುರು ಮುಕ್ಕಾಲು ಗಂಟೆ ಕೂತು ಬಂದೆ.

ಆಕೆಯ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ನಗುವಂಥ ಒಂದು ಸೆಟ್ಟು ಮಾಡಿ ಡಬ್ಬಿಗೆ ಹಾಕಿ ವಾಪಸು ಕಳಿಸುವುದು ಈಕೆ. ಫೋಟೋಗೆ ಕಟ್ಟು ಹಾಕುವ ಅಂಗಡಿಯ ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಕಿಟಕಿಗೆ ಮುಖ ಮಾಡಿದ ಮೇಜು, ದೀಪ, ಸ್ಪಿರಿಟ್ ಬುಡ್ಡಿ, ಉಜ್ಜುವ ಯಂತ್ರ. ಹಿಂದಿನದರಲ್ಲಿ ಪ್ಲಾಸ್ಟರಿನ ಮೂಟೆ, ಖಾಲಿ ಡಬ್ಬಿ, ಒಂದು ಸ್ಟೂಲು. ಎರಡರ ನಡುವಿನ ಗೋಡೆಗೆ ಒತ್ತಿ ಮುಂದಿನ ಕೋಣೆಯಲ್ಲಿ ಸಣ್ಣದೊಂದು ಕುಲುಮೆ. ಕರೆಂಟಿನದು, ಸದ್ದು ಮಾಡುವುದಿಲ್ಲ. ಅಚ್ಚಿನೊಳಗಿನ ಮೇಣವನ್ನು ಸುಟ್ಟು ಆ ಜಾಗಕ್ಕೆ ಲೋಹ ಇಳಿಸಬೇಕಲ್ಲ, ಅದಕ್ಕೆ. ಬೆಳಿಗ್ಗೆ ಎಂಟಕ್ಕೆ ಹಚ್ಚಿದರೆ ಸಂಜೆಯವರೆಗೆ ಆರುವುದಿಲ್ಲ.

ಊಟದ ಬಿಡುವು ನಲವತ್ತು ನಿಮಿಷ. ಹತ್ತು ನಿಮಿಷದಲ್ಲಿ ಬುತ್ತಿ ಮುಗಿಸಿ, ಉಳಿದ ಅರ್ಧ ಗಂಟೆ ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು ಗಿಟಾರ್ ಬಾರಿಸುವುದು ಆಕೆಯ ಅಭ್ಯಾಸ. ಎದುರಿಗೆ ಪ್ಲಾಸ್ಟರ್ ಮೂಟೆಗೆ ಒರಗಿಸಿದ ಫೋನು. ಹತ್ತು ವರ್ಷದಿಂದ ತಾನೇ ಕಟ್ಟಿದ ಹಾಡುಗಳನ್ನು, ಗಿಟಾರ್ ಕುರಿತ ಮಾತುಕತೆಯನ್ನು ಅಂತರ್ಜಾಲಕ್ಕೆ ಹಾಕುತ್ತ ಬಂದಿದ್ದಾರೆ. ಚಾನೆಲ್ಲಿನ ಹೆಸರೇ 'ಊಟದ ಬಿಡುವು'. ಕೇಳುವವರು ಇಟ್ಟ ಹೆಸರು ಹಲ್ಲಕ್ಕ. ಡಾಕ್ಟರು ಬಾಯಿಯೊಳಗೆ ಇಳಿಸುವ ಪುಟಾಣಿ ಕನ್ನಡಿ ಇರುತ್ತದಲ್ಲ, ಅದನ್ನು ಗಿಟಾರಿನ ಹೊಟ್ಟೆಯೊಳಗೆ ಇಳಿಸಿ, 'ನೋಡಿ, ಇಲ್ಲಿ ಅಂಟು ಸರಿಯಾಗಿ ಹಿಡಿದಿಲ್ಲ, ಇದು ಮುಂದೆ ಕೆಮ್ಮುತ್ತೆ' ಎಂದು ತೋರಿಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಹಾಡುಗಳೂ ಹಾಗೇ, ಕಸುಬಿನೊಳಗಿಂದ ಬಂದವು. ಒಂದು ಹೀಗೆ ಶುರುವಾಗುತ್ತದೆ:

ಕಪಾಟಿನ ತುಂಬ ನಗುಗಳಿವೆ,
ನಗುವವರಿನ್ನೂ ಬಂದಿಲ್ಲ.
ಬಂದವರೆಲ್ಲ ಕನ್ನಡಿ ಕೇಳಿದರು,
ನಗೆಯ ಕಾರಣ ಕೇಳಲಿಲ್ಲ.

ಕಳೆದ ವರ್ಷದವರೆಗೆ ಇದನ್ನು ಜನ ಕೇಳಿದ್ದು ಇನ್ನೂರ ಹದಿನೇಳು ಸಲ. ಅದರಲ್ಲಿ ಆಕೆಯ ಅತ್ತೆ ನಲವತ್ತು ಸಲ. ಅತ್ತೆಗೆ ಹಲ್ಲು ಕಟ್ಟಿದವರೂ ಈಕೆಯೇ. 'ಎಲ್ಲ ಸೊಸೆಯರಿಗೂ ಅತ್ತೆಯ ಬಾಯಿ ಅಂದ್ರೆ ಹೆದರಿಕೆ. ನಮ್ಮನೇಲಿ ಅತ್ತೆಯ ಬಾಯಿ ಮಾಡಿದ್ದೇ ನಾನು' ಎಂದು ನಗುತ್ತಾರೆ.

ಕಳೆದ ವರ್ಷ ಆಕೆ ಹೊಸ ಗಿಟಾರ್ ಕೊಂಡರು. ಕಾರ್ಖಾನೆಯದಲ್ಲ. ಮೊದಲು ಬಟ್ಟೆ ಬೀರು ಮಾಡುತ್ತಿದ್ದ ಒಬ್ಬ ಮರಗೆಲಸದವರು, ಹದಿಮೂರು ವರ್ಷದಿಂದ ಗಿಟಾರ್ ಹುಚ್ಚು ಹತ್ತಿಸಿಕೊಂಡು, ಭಾವನ ಮರದ ಅಂಗಡಿಯ ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಕೈಯಾರೆ ಮಾಡಿದ್ದು. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಗಿಟಾರ್ ಬಂದ ದಿನ ಆಕೆ ಅದರ ಹೊಟ್ಟೆಗೆ ಕನ್ನಡಿ ಇಳಿಸಿ ನೋಡಿ, 'ಒಳಗೂ ಉಜ್ಜಿದ್ದಾರೆ ಕಣ್ರೀ, ಯಾರೂ ನೋಡದ ಕಡೆ' ಎಂದು ಗಂಡನಿಗೆ ಫೋನ್ ಮಾಡಿ ಹೇಳಿದ್ದರಂತೆ. ಆಮೇಲೆ ಹಿಂದಿನ ಕೋಣೆಯ ಗೋಡೆಗೆ ನೇತುಹಾಕಿದರು. ಯಾವ ಗೋಡೆಗೆ? ಆಚೆ ಬದಿಗೆ ಕುಲುಮೆ ಇದ್ದ ಗೋಡೆಗೆ. ಯಾಕೆಂದರೆ ಮೊಳೆ ಇದ್ದದ್ದು ಅದೊಂದಕ್ಕೇ.

ಮೂರು ತಿಂಗಳಿಗೆ ಗಿಟಾರ್ ಹಾಳಾಯಿತು. ತಂತಿ ಮೀಟಿದರೆ ಜೀರುಂಡೆ ಸದ್ದು. ಮುಂದಿನ ಹಲಗೆ ಒಳಗೆ ಕುಸಿದಿತ್ತು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಕಡ್ಡಿಗಳಿರುತ್ತವಲ್ಲ, ಫ್ರೆಟ್ಟು, ಅವುಗಳ ತುದಿ ಮರದ ಅಂಚಿನಿಂದ ಹೊರಕ್ಕೆ ಚಾಚಿಕೊಂಡು ಕೈಗೆ ಚುಚ್ಚುತ್ತಿತ್ತು. ಹಲ್ಲಕ್ಕನಿಗೆ ಸಿಟ್ಟು ಬಂತು. ನಂಬಿದ ಕೈ ಮೋಸ ಮಾಡಿದರೆ ಬರುವ ಸಿಟ್ಟು. ಫೋನಿನ ಮುಂದೆ ಕೂತು ಕತ್ತಿನ ಅಂಚಿನ ಮೇಲೆ ಬೆರಳು ಎಳೆದರು. ರಕ್ತ ಜಿನುಗಿತು. 'ಮೂರು ತಿಂಗಳಿಗೆ ಹಲ್ಲು ಬಂದ ಗಿಟಾರ್ ನೋಡಿ! ನಾನು ಹಲ್ಲು ಕಟ್ಟೋಳು, ನಿಜ. ಆದರೆ ಇದಕ್ಕೆ ಹಲ್ಲು ಕಟ್ಟಿದ್ದು ನಾನಲ್ಲಪ್ಪ' ಎಂದರು. ಮೇಸ್ತ್ರಿಯ ಹೆಸರು, ಶೆಡ್ಡು, ಎಲ್ಲ ಹೇಳಿದರು.

ಮೂರು ವಾರದಲ್ಲಿ ಒಂಬತ್ತು ಲಕ್ಷ ಜನ ನೋಡಿದರು. ನಗು, ರಕ್ತ, ಮೋಸ ಮೂರೂ ಒಂದೇ ತಟ್ಟೆಯಲ್ಲಿ ಸಿಕ್ಕರೆ ಜನ ಬಿಟ್ಟಾರೆಯೇ. ಅವರ ಹಿಂದೆಯೇ ಹಾಡುಗಳಿಗೂ ಕಿವಿ ಬಂತು. ಕಪಾಟಿನ ನಗುಗಳ ಹಾಡನ್ನು ಅರವತ್ತು ಸಾವಿರ ಜನ ಕೇಳಿದರು. ಹತ್ತು ವರ್ಷ ಮೂಟೆಯೆದುರು ಹಾಡಿದವರಿಗೆ ಅದು ಏನಾಗಿರಬಹುದು, ಊಹಿಸಿ.

ಆ ಒಂಬತ್ತು ಲಕ್ಷದಲ್ಲಿ ನಾನೂ ಒಬ್ಬ. ನೋಡಿದ್ದಷ್ಟೇ ಅಲ್ಲ, ಇದೇ ಜಾಗದಲ್ಲಿ ಬರೆದೆ. ಮರವನ್ನೂ ಮೇಸ್ತ್ರಿಯನ್ನೂ ಸೇರಿಸಿ ಬೈದೆ. ಶೆಡ್ಡಿಗೆ ಹೋಗಲಿಲ್ಲ, ಫೋನ್ ಮಾಡಲಿಲ್ಲ, ಗಿಟಾರಿನ ಬಗ್ಗೆ ನನಗೆ ಒಂದಕ್ಷರ ಗೊತ್ತಿರಲಿಲ್ಲ. ಪುಟ ತುಂಬಿತು.

ಒಂದು ಮಧ್ಯಾಹ್ನ ಹಲ್ಲಕ್ಕ ಮೇಣ ಕೆರೆಯುವ ಚಾಕು ಹುಡುಕುತ್ತಿದ್ದರು. ಅದು ಹಿಂದಿನ ಕೋಣೆಯಲ್ಲಿ, ಆ ಗೋಡೆಯ ಹಲಗೆಯ ಮೇಲೆ, ವಾರಗಟ್ಟಲೆ ಬಿದ್ದಿತ್ತು. ಕೈಗೆತ್ತಿಕೊಂಡರೆ ಹಿಡಿ ಅಲ್ಲಾಡಿತು. ಮರದ ಹಿಡಿಯ ಹಿಂಬದಿಯಿಂದ ಕಬ್ಬಿಣದ ತುದಿ ಎರಡು ಕೂದಲೆಳೆಯಷ್ಟು ಹೊರಗೆ ಬಂದಿತ್ತು. ಹೆಬ್ಬೆರಳು ಇಟ್ಟರು, ಚುಚ್ಚಿತು.

ಕಬ್ಬಿಣ ಬೆಳೆಯುವುದಿಲ್ಲ. ಮರ ಕುಗ್ಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕುಗ್ಗುವುದೇ ಈಕೆಯ ಕಸುಬಿನ ಪಾಠ. ಮೇಣ ಆರಿದರೆ ಇಷ್ಟು ಕುಗ್ಗುತ್ತದೆ, ಲೋಹ ಇಳಿದ ಮೇಲೆ ಇಷ್ಟು ಕುಗ್ಗುತ್ತದೆ, ವಸಡು ಮಾಡುವ ಗುಲಾಬಿ ಪುಡಿ ಬೆಂದ ಮೇಲೆ ಇಷ್ಟು. ಇಪ್ಪತ್ತೆರಡು ವರ್ಷ ಅದನ್ನೇ ಲೆಕ್ಕ ಹಿಡಿದು ಸಾವಿರಾರು ಬಾಯಿಗೆ ಹಲ್ಲು ಕೂರಿಸಿದವರು. ಒಣ ಶಾಖ ವಸ್ತುವನ್ನು ಏನು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥವರು ಮೂರು ತಿಂಗಳು ಹಗಲೆಲ್ಲ ಒಂದು ಮರದ ವಾದ್ಯವನ್ನು ಕುಲುಮೆಯ ಬೆನ್ನಿಗೆ ನೇತುಹಾಕಿದ್ದರು. 'ಮೇಜಿನ ಮೇಲಿದ್ದರೆ ಕೆಲಸ, ಗೋಡೆ ಮೇಲಿದ್ದರೆ ಸಂಗೀತ ಅಂದ್ಕೊಂಡಿದ್ದೆ ಸಾರ್. ಬುದ್ಧಿಯನ್ನ ಮುಂದಿನ ಕೋಣೇಲೇ ಬಿಟ್ಟು ಹೋಗ್ತಿದ್ದೆ' ಎಂದರು ನನ್ನ ಹತ್ತಿರ.

ಅಂದೇ ಗಿಟಾರನ್ನು ಮನೆಗೆ ಒಯ್ದರು. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಅದನ್ನು ಗಿಟಾರಿನ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿದರು. ದಿನಕ್ಕೊಮ್ಮೆ ತೆಗೆದು ಕತ್ತಿನ ಅಂಚಿಗೆ ಬೆರಳೆಳೆದು ನೋಡಿದರು. ಹತ್ತನೆಯ ದಿನಕ್ಕೆ ಚುಚ್ಚುವುದು ಕಡಿಮೆಯಾಯಿತು. ಹದಿನಾರನೆಯ ದಿನಕ್ಕೆ ಹಲಗೆ ಎದ್ದು ನಿಂತಿತು, ತಂತಿ ಶುದ್ಧವಾಗಿ ನುಡಿಯಿತು. ತಾನು ಒಂಬತ್ತು ಲಕ್ಷ ಜನರೆದುರು ಹೇಳಿದ್ದು ಸುಳ್ಳು ಎಂಬುದು ಈಗ ಇಡೀ ಜಗತ್ತಿನಲ್ಲಿ ತನ್ನೊಬ್ಬಳಿಗೇ ಗೊತ್ತು ಎಂದುಕೊಂಡರು.

ಭಾನುವಾರ ಬೆಳಿಗ್ಗೆ ಟೀ ಕುಡಿಯುತ್ತ ಗಂಡನಿಗೆ ಹೇಳಿದರು. ಗಂಡ ಶಾಲೆಯ ಬಸ್ ಓಡಿಸುತ್ತಾರೆ, ಒಳ್ಳೆಯ ಮನುಷ್ಯ.

'ಬೇರೆ ಯಾರಿಗೂ ಗೊತ್ತಿಲ್ಲ ತಾನೇ? ಸುಮ್ನಿದ್ಬಿಡು. ಹತ್ತು ವರ್ಷ ಹಾಡಿದ್ದೀಯ, ಈಗ ತಾನೇ ಜನ ಕೇಳ್ತಿದ್ದಾರೆ. ನಿನ್ನ ಕಾಲಿನ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ?'

'ನನಗೆ ಗೊತ್ತಲ್ರೀ.'

'ನೀನು ಒಬ್ಳು. ಅವರು ಒಂಬತ್ತು ಲಕ್ಷ.'

ಅತ್ತೆ ಒಳಗಿಂದ ಬಂದರು. ಸೆಟ್ಟು ತೊಳೆದು ಬಾಯಿಗೆ ಹಾಕಿಕೊಂಡರು. ಹಲ್ಲಿಲ್ಲದೆ ಅವರು ಯಾವ ಜಗಳಕ್ಕೂ ಇಳಿಯುವುದಿಲ್ಲ.

'ಲೋ, ಇವಳು ಮಾಡಿದ ಮೊದಲ ಸೆಟ್ಟು ನನಗೆ ಕೂರಲಿಲ್ಲ, ನೆನಪಿದೆಯೇನೋ? ಅತ್ತೆ, ನಿಮ್ಮ ಬಾಯೇ ಸರಿಯಿಲ್ಲ ಅಂದ್ಲಾ ಇವಳು? ಅದನ್ನ ಒಡೆದು ಹಾಕಿ ಇನ್ನೊಂದು ಮಾಡಿದ್ಲು.' ಸೊಸೆಯ ಕಡೆ ತಿರುಗಿದರು. 'ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ನೋಡಿದ್ರೆ ನೆಲಾನ ನೀನೇ ಡೊಂಕು ಮಾಡಿ, ಆಮೇಲೆ ಡೊಂಕು ಅಂದಿದ್ದೀಯ. ಹೋಗು, ಆ ಮನುಷ್ಯನ್ನ ನೋಡ್ಕೊಂಡು ಬಾ.'

ಹೋದರು. ಶೆಡ್ಡಿನಲ್ಲಿ ಮೇಸ್ತ್ರಿ ಒಂದು ಬೀರುವಿನ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದರು. ಬಾಗಿಲಲ್ಲಿ ನಿಂತವರನ್ನು, ಅವರ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿ ಗೊರಡು ಕೆಳಗಿಟ್ಟರು.

'ಬನ್ನಿ ಅಕ್ಕ. ಅದನ್ನ ಕೊಡಿ ಮೊದಲು.'

ಗಿಟಾರ್ ತೆಗೆದು ಕತ್ತಿನ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು. 'ನೀರು ಕುಡಿಸಿದ್ದೀರಿ.'

'ಹದಿನಾರು ದಿನ.'

'ಚೆನ್ನಾಗಿ ಕುಡಿಸಿದ್ದೀರಿ. ಅವಸರ ಮಾಡಿದ್ರೆ ಸೀಳುತ್ತೆ.'

'ನಿಮಗೆ ಮೊದಲೇ ಗೊತ್ತಿತ್ತಾ?'

'ವಿಡಿಯೋ ನೋಡಿದ ಕೂಡ್ಲೇ ಗೊತ್ತಾಯ್ತು. ನಿಮ್ಮ ಬೆನ್ನ ಹಿಂದೆ ಗೋಡೆ ಬಣ್ಣ ಹಕ್ಕಳೆ ಎದ್ದಿತ್ತಲ್ಲ. ಶಾಖಕ್ಕೆ ಹಾಗಾಗುತ್ತೆ.'

'ಒಂದು ಮಾತು ಹೇಳಬಾರದಿತ್ತಾ ನನಗೆ?'

ಉತ್ತರ ಮೂಲೆಯಲ್ಲಿ ಕೂತು ಮುಗಿದ ಗಿಟಾರುಗಳಿಗೆ ಹಳೆಯ ಸೀರೆ ಸುತ್ತುತ್ತಿದ್ದ ಮೇಸ್ತ್ರಿಯ ಹೆಂಡತಿಯಿಂದ ಬಂತು. 'ಹೇಳಿದ್ರು. ವಿಡಿಯೋ ಕೆಳಗೆ ಬರೆದಿದ್ದಾರೆ, ಫೋನ್ ತೆಗೆದು ನೋಡಿ. ಇನ್ನೂ ಕೆಳಗೆ ಹೋಗಿ. ಇನ್ನೂ.'

ಎರಡು ಸಾವಿರದ ಮುನ್ನೂರ ಹದಿನಾರು ಪ್ರತಿಕ್ರಿಯೆಗಳ ನಡುವೆ ಅದು ಸಿಕ್ಕಿತು. 'ಅಕ್ಕ, ಗಿಟಾರನ್ನು ಮೊದಲು ಆ ಗೋಡೆಯಿಂದ ಇಳಿಸಿ. ಅದಕ್ಕೆ ಸೆಕೆ.' ಹೆಸರು ಹಾಕಿರಲಿಲ್ಲ, ಗಿಟಾರ್ ಮಾಡಿದವನು ನಾನು ಎಂದೂ ಹೇಳಿರಲಿಲ್ಲ. ಅದರ ಕೆಳಗೆ ಎಂಬತ್ತಾರು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಒಬ್ಬ 'ಫ್ಯಾನ್ ಹಾಕಿ ಮಲಗಿಸಿ' ಎಂದಿದ್ದ. ಆ ಮಾತಿಗೆ ಮೆಚ್ಚುಗೆಯ ಕೆಂಪು ಹೃದಯ ಅಂಟಿತ್ತು.

'ಆ ಹೃದಯ ಯಾರದ್ದು ಗೊತ್ತಾ?' ಹೆಂಡತಿ ಕೇಳಿದರು.

ಹಲ್ಲಕ್ಕನದೇ. ಊಟದ ಬಿಡುವಿನಲ್ಲಿ, ನಗುತ್ತ, ಮೇಲಿನ ಮಾತನ್ನು ಓದದೆ ಒತ್ತಿದ್ದು.

ಹನ್ನೊಂದು ಜನ ಗಿಟಾರ್ ಬೇಕೆಂದು ಹೇಳಿಟ್ಟಿದ್ದರು, ವಿಡಿಯೋ ನೋಡಿ ಒಂಬತ್ತು ಜನ ಬೇಡವೆಂದರು. ಏಳು ಮುಗಿದು ಸೀರೆ ಸುತ್ತಿಕೊಂಡು ಕೂತಿದ್ದವು. ಹಲಗೆ ಬಗ್ಗಿಸುವ ಕಬ್ಬಿಣ, ಅಚ್ಚು, ಸಣ್ಣ ಗೊರಡುಗಳು, ಎಲ್ಲವನ್ನೂ ಒಂದು ತರಬೇತಿ ಶಾಲೆಗೆ ಕೊಟ್ಟುಬಿಡುವುದೆಂದು ಮೇಸ್ತ್ರಿ ಮಾತು ಕೊಟ್ಟಾಗಿತ್ತು. ಎರಡು ತಿಂಗಳಿಗೆ ಹೊಸ ತರಗತಿ ಶುರು, ಆಗ ಬಂದು ಒಯ್ಯುತ್ತಾರೆ. 'ಬೀರು ಮಾಡೋನು ಬೀರು ಮಾಡ್ಬೇಕು. ಇವು ಕಣ್ಣೆದುರು ಇದ್ರೆ ಕೈ ಓಡಲ್ಲ' ಎಂದರು.

'ಈಗಲೇ ಅಳಿಸ್ತೀನಿ' ಎಂದು ಹಲ್ಲಕ್ಕ ಮತ್ತೆ ಫೋನ್ ಕೈಗೆತ್ತಿಕೊಂಡರು.

'ಅಳಿಸ್ಬೇಡಿ. ನೋಡಿದವರು ನೋಡಿ ಆಯ್ತು. ಅಳಿಸಿದ್ರೆ ಅವರ ತಲೇಲಿ ಇರೋದನ್ನ ಹುಡುಕಿ ತೆಗೆಯೋದು ಎಲ್ಲಿಂದ?'

ಆಕೆ ಇನ್ನೊಂದು ವಿಡಿಯೋ ಮಾಡಿದರು. ಅದೇ ಸ್ಟೂಲು, ಅದೇ ಗೋಡೆ. ಕುಲುಮೆ ತೋರಿಸಿದರು, ಚಾಕುವಿನ ಹಿಡಿ ತೋರಿಸಿದರು, ಗಿಟಾರ್ ನುಡಿಸಿ ತೋರಿಸಿದರು. 'ತಪ್ಪು ನನ್ನದು, ಮೇಸ್ತ್ರಿಯದಲ್ಲ.' ಯಾರ ಮನಸ್ಸಿಗಾದರೂ ಎಂಬ ನಾಟಕವಿಲ್ಲ. ನೋಡಿದವರು ನಾಲ್ಕು ಸಾವಿರ ಜನ. ಸುಳ್ಳಿಗೆ ಒಂಬತ್ತು ಲಕ್ಷ, ನಿಜಕ್ಕೆ ನಾಲ್ಕು ಸಾವಿರ! ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಎಲ್ಲಿಗೆ ಹೋಯಿತು, ಹಿಂದೆ ಹೋಗಿ ಹಿಡಿದು ತರಬಹುದೇ ಎಂದು ನಾವು ಯಾರೂ ಕೇಳಿಕೊಳ್ಳುವುದಿಲ್ಲ. ಆ ನಾಲ್ಕು ಸಾವಿರದಲ್ಲೂ ಅರ್ಧ ಜನ 'ಮೇಸ್ತ್ರಿ ಏನು ಕೊಟ್ಟ?' ಎಂದು ಕೇಳಿದರು. ಚಾನೆಲ್ಲಿಗೆ ಸೇರಿದ್ದ ನಲವತ್ತೊಂದು ಸಾವಿರ ಜನರಲ್ಲಿ ಇಪ್ಪತ್ತನಾಲ್ಕು ಸಾವಿರ ಒಂದೇ ವಾರದಲ್ಲಿ ಎದ್ದು ಹೋದರು. ಹಾಡಿಗೆ ಬಂದಿದ್ದ ಕಿವಿಗಳೂ ಅವರ ಜೊತೆ ಹೋದವು.

ಬೇರೆಯವರಾಗಿದ್ದರೆ ಇಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ನಾನಂತೂ ತೊಳೆದುಕೊಳ್ಳುತ್ತಿದ್ದೆ. ಹಲ್ಲಕ್ಕ ಹಳೆಯ ವಿಡಿಯೋದ ಕೆಳಗೆ ಬರೆದ ಪ್ರತಿಯೊಬ್ಬರಿಗೂ ಉತ್ತರ ಬರೆಯಲು ಕೂತರು. ಮೊದಲ ದಿನ ಒಂದೇ ಉತ್ತರವನ್ನು ಅರವತ್ತು ಜನರಿಗೆ ಅಂಟಿಸಿದರು. ವಿಡಿಯೋ ತಾಣದ ಯಂತ್ರ ತಡೆಯಿತು. ಒಂದೇ ಮಾತನ್ನು ಪದೇ ಪದೇ ಹೇಳುವವರು ಕಿಡಿಗೇಡಿಗಳು ಎಂದು ಅದರ ನಂಬಿಕೆಯಂತೆ. ಸುಳ್ಳನ್ನು ಲಕ್ಷ ಮನೆಗೆ ತಾನೇ ಹೊತ್ತು ಹಾಕಿದ ಯಂತ್ರ ಅದು! ಮೂರು ದಿನ ಆಕೆಯ ಬಾಯಿ ಕಟ್ಟಿತು.

'ಒಳ್ಳೇದೇ ಆಯ್ತು ಬಿಡಿ ಸಾರ್. ಒಬ್ಬರ ಬಾಯಿಗೆ ಮಾಡಿದ ಸೆಟ್ಟು ಇನ್ನೊಬ್ಬರ ಬಾಯಿಗೆ ಕೂರುತ್ತಾ? ನನಗೇ ಹೊಳೀಬೇಕಿತ್ತು' ಎಂದರು ಆಕೆ.

ಅಂದಿನಿಂದ ಒಂದೊಂದನ್ನೂ ಓದಿ, ಒಬ್ಬೊಬ್ಬರಿಗೂ ಬೇರೆ ಬೇರೆ. ದಿನಕ್ಕೆ ನಲವತ್ತು, ಊಟದ ಬಿಡುವಿನಲ್ಲಿ. ಗಿಟಾರ್ ಮುಟ್ಟುವುದು ನಿಂತಿತು.

'ಇಂಥವರ ಕೈ ಕಡೀಬೇಕು' ಎಂದವನಿಗೆ: 'ತಮ್ಮಾ, ಆ ಕೈ ಸರಿಯಾಗಿತ್ತು. ಬಿಸಿ ಗೋಡೆಗೆ ನೇತುಹಾಕಿದ ಕೈ ನನ್ನದು. ಕಡಿಯುವ ಮುಂಚೆ ಹೇಳು, ಒಂದು ಹಾಡು ಬಾಕಿ ಇದೆ.' ಏನೂ ಬರೆಯದೆ ಹೆಬ್ಬೆರಳು ಮಾತ್ರ ಎತ್ತಿದವರಿಗೆ: 'ನಾನು ಹೇಳಿದ್ದು ಸುಳ್ಳಾಗಿತ್ತು. ದಯವಿಟ್ಟು ಬೆರಳು ಇಳಿಸಿ.' 'ಮೊದಲ ಕಮೆಂಟು ನಂದೇ' ಎಂದು ಕುಣಿದವಳಿಗೆ: 'ಮೊದಲು ಬಂದ ನಿನಗೆ ಹಳಸಿದ್ದು ಬಡಿಸಿದೆ ಕಣಮ್ಮ, ಕ್ಷಮಿಸು.' ಒಬ್ಬಾಕೆ, 'ತೀರಿಹೋದ ನಮ್ಮ ತಂದೆಯ ಗಿಟಾರೂ ಹೀಗೇ ಆಗಿದೆ, ಎಸೆಯಬೇಕೆಂದಿದ್ದೇನೆ' ಎಂದು ಬರೆದಿದ್ದರು. 'ಎಸೆದುಬಿಟ್ಟಿರಾ? ಇಲ್ಲದಿದ್ದರೆ ಅದು ಎಲ್ಲಿದೆ ಹೇಳಿ' ಎಂದು ಹಲ್ಲಕ್ಕ ಕೇಳಿದರು. ಫ್ರಿಜ್ಜಿನ ಹಿಂದೆ, ಬಿಸಿಗಾಳಿ ಬರುವ ಕಡೆ. ಹನ್ನೊಂದು ಸಲ ಪತ್ರಗಳು ಹೋಗಿ ಬಂದವು. ಸೋಪಿನ ಡಬ್ಬಿ, ಸ್ಪಂಜು, ಮೂರು ವಾರ. ಆ ಗಿಟಾರ್ ಈಗ ನುಡಿಯುತ್ತಿದೆಯಂತೆ. ಆಕೆ ನುಡಿಸಿ ಕಳಿಸಿದ ಧ್ವನಿಯನ್ನು ಹಲ್ಲಕ್ಕ ನನಗೂ ಕೇಳಿಸಿದರು. ಬಾರಿಸಲು ಬರದವರ ಕೈ. ಆದರೂ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದೆ.

ನನಗೂ ಒಂದು ಪತ್ರ ಬಂತು. 'ಸಾರ್, ನಿಮ್ಮ ಅಂಕಣವನ್ನು ಯಾರೋ ವಿಡಿಯೋದ ಕೆಳಗೆ ಅಂಟಿಸಿದ್ದರು, ಅದು ಸಾವಿರದ ಇನ್ನೂರ ನಾಲ್ಕನೆಯದು. ನಿಮ್ಮ ಅಂಕಣಕ್ಕೆ ನನ್ನ ಮಾತೇ ಆಧಾರ. ಆ ಆಧಾರ ಕುಸಿದಿದೆ. ಮೇಲೆ ಕಟ್ಟಿದ್ದನ್ನು ಏನು ಮಾಡುವುದು ನಿಮಗೆ ಬಿಟ್ಟದ್ದು.' ಎರಡು ವಾರ ಅದನ್ನು ಡ್ರಾಯರಿನಲ್ಲಿಟ್ಟೆ. ಆಮೇಲೆ ಮೇಸ್ತ್ರಿಯ ಶೆಡ್ಡಿಗೂ ಹೋಗಿ ಬಂದೆ. ಈಗ ಇದೇ ಪುಟದಲ್ಲಿ, ಅದೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ: ಮೇಸ್ತ್ರಿಯ ಬಗ್ಗೆ ನಾನು ಬರೆದದ್ದು ಸುಳ್ಳು. ಅವರ ಗಿಟಾರುಗಳ ಹೊಟ್ಟೆಯೊಳಗೆ ಕನ್ನಡಿ ಇಳಿಸಿ ನೋಡಿದ್ದೇನೆ. ಯಾರೂ ನೋಡದ ಕಡೆಯೂ ಉಜ್ಜಿದೆ.

ನಾನು ಹಲ್ಲಕ್ಕನ ಕೋಣೆಗೆ ಹೋದ ದಿನ ಅವರು ಪ್ಲಾಸ್ಟರ್ ಕಲಸುತ್ತಿದ್ದರು. ಬಿಡುವಿಗೆ ಇನ್ನೂ ಐದು ನಿಮಿಷವಿತ್ತು. ಮಾರನೆಯ ದಿನ ತರಬೇತಿ ಶಾಲೆಯವರು ಬಂದು ಮೇಸ್ತ್ರಿಯ ಹತಾರ ಒಯ್ಯುವವರಿದ್ದರು. ಉತ್ತರ ಬರೆಯಲು ನಾನೂರಕ್ಕೂ ಹೆಚ್ಚು ಬಾಕಿ. 'ಎಲ್ಲ ಮುಗಿದರೂ ಅವರು ಹತಾರ ಕೊಟ್ಟುಬಿಟ್ಟರೆ?' ಎಂದು ಕೇಳಿದೆ. 'ಕೊಟ್ಟರೂ ಬರೀತೀನಿ. ಅವರು ಬೀರು ಮಾಡಿದ್ರೂ ಮೋಸಗಾರ ಅಂತ ಅನ್ನಿಸ್ಕೊಂಡು ಮಾಡಬಾರದಲ್ಲ' ಎಂದರು.

ಅಷ್ಟರಲ್ಲಿ ಫೋನ್ ಬಂತು. ಎರಡೂ ಕೈ ಪ್ಲಾಸ್ಟರ್. 'ಸಾರ್, ಸ್ವಲ್ಪ ಒತ್ತಿ. ಸ್ಪೀಕರಿಗೆ ಹಾಕಿ.' ಒತ್ತಿದೆ.

'ಅಕ್ಕಾ, ಮೇಸ್ತ್ರಿ ಮಾತಾಡ್ತಿರೋದು. ಒಬ್ಬರು ಫೋನ್ ಮಾಡಿದ್ರು. ಗಿಟಾರ್ ಬೇಕಂತೆ. ಎಡಚರಂತೆ. ಎಡಗೈಯವರಿಗೆ ಮಾಡಿ ಗೊತ್ತಾ ಅಂದ್ರು.'

'ನೀವೇನಂದ್ರಿ?'

'ಗೊತ್ತಿಲ್ಲ, ಕಲೀತೀನಿ ಅಂದೆ.' ಸ್ವಲ್ಪ ಹೊತ್ತು ಗೊರಡಿನ ಸದ್ದು. 'ಮೊದಲು ನನ್ನನ್ನ ಬಾಯಿಗೆ ಬಂದ ಹಾಗೆ ಬೈದಿದ್ದರಂತೆ. ನಿಮ್ಮ ಉತ್ತರ ಓದಿ ಎರಡು ದಿನ ಸಿಟ್ಟು ಬಂದಿತ್ತಂತೆ. ಯಾರ ಮೇಲೆ ಅಂತ ಹೇಳಲಿಲ್ಲ.'

'ಶಾಲೆಯವರು?'

'ನಾಳೆ ಬರಬೇಡಿ ಅಂದೆ. ಎಡಗೈ ಗಿಟಾರಿಗೆ ಒಳಗಿನ ಪಟ್ಟಿ ಎಲ್ಲ ತಿರುಗುಮುರುಗು ಹಾಕ್ಬೇಕು, ಹತಾರ ಇಲ್ದೆ ಹೇಗೆ ಮಾಡ್ಲಿ? ಒಂದು ಮುಗಿಸಿ ನೋಡೋಣ ಅಂದಿದ್ದೀನಿ. ಇವಳು ಗಿಟಾರಿಗೆ ಸುತ್ತಿದ್ದ ಸೀರೆ ಬಿಚ್ಚಿ ಎಲ್ಲಾನೂ ಗಾಳಿಗಿಟ್ಟಿದ್ದಾಳೆ.'

ಹಿಂದಿನಿಂದ ಹೆಂಡತಿಯ ದನಿ: 'ಗಾಳಿಗಲ್ಲ, ನೆರಳಿಗೆ ಅಂತ ಹೇಳಿ. ಆ ಅಕ್ಕ ಎಲ್ಲಾದ್ರೂ ಬಿಸಿಲಿಗೆ ಅಂದ್ಕೊಂಡಾರು!'

ಹಲ್ಲಕ್ಕ ನಕ್ಕರು. ಆ ನಗುವಿನ ನಡುವೆಯೇ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಪ್ಲಾಸ್ಟರ್, ಹಾಗಾಗಿ ತೋಳಿಗೆ ಮುಖ ಒತ್ತಿದರು. ಒಬ್ಬನೇ ಒಬ್ಬ ಎಡಚ. ಬೇಡವೆಂದ ಒಂಬತ್ತು ಜನ ಇನ್ನೂ ದೂರವೇ ಇದ್ದರು.

ಮಾತು ಮುಗಿಯಿತು, ನಾನು ಫೋನ್ ಆರಿಸಿ ಮೇಜಿನ ಮೇಲಿಟ್ಟೆ. ಅವರು ಗೋಡೆಯ ಗಡಿಯಾರ ನೋಡಿ, ಕೈ ತೊಳೆದು, ಬುತ್ತಿಯ ಮುಚ್ಚಳ ಒಂದು ಕೈಯಿಂದ ತೆಗೆಯುತ್ತ ಇನ್ನೊಂದರಿಂದ ಫೋನ್ ಎಳೆದುಕೊಂಡರು.

'ಸಾರ್, ತಪ್ಪು ತಿಳ್ಕೋಬೇಡಿ. ಬಿಡುವು ಶುರುವಾಯ್ತು' ಎಂದು ಸಾವಿರದ ಎಂಟುನೂರ ಎಪ್ಪತ್ತೆರಡನೆಯವರು ಏನು ಬರೆದಿದ್ದಾರೆಂದು ಓದತೊಡಗಿದರು.